ನನ್ನ ಹೆಸರಿನ ತೊಟ್ಟಿ

ಮದುವೆಯಾದ ಮೂರನೆಯ ವರ್ಷಕ್ಕೆ ನಾನೊಂದು ಕಾರ್ಖಾನೆಯ ಒಡತಿಯಾದೆ. ಒಂದು ಸಂಜೆ ನಮ್ಮ ಯಜಮಾನರು ನಾಲ್ಕಾರು ಕಾಗದ ತಂದು ಊಟದ ಮೇಜಿನ ಮೇಲೆ ಹರಡಿ, ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟು, "ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ" ಎಂದು ಬೆರಳಿಟ್ಟು ತೋರಿಸಿದರು. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ತಳ ಹತ್ತೀತೆಂಬ ಆತಂಕದಲ್ಲಿ ಓದದೆ ಸಹಿ ಮಾಡಿ ಎದ್ದುಹೋದೆ.

ಅವರಿಗೆ ಸರ್ಕಾರದ ದೊಡ್ಡ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಅಲ್ಲಿ ನೌಕರಿ ಮಾಡುವವರು ಸ್ವಂತ ವ್ಯಾಪಾರ ನಡೆಸುವಂತಿರಲಿಲ್ಲ. ಗೊತ್ತಾದರೆ ಕೆಲಸವೇ ಹೋಗುತ್ತಿತ್ತು. ಆದ್ದರಿಂದ ರಾಜಾಜಿನಗರದ ನಮ್ಮ ಓಣಿಯಲ್ಲಿದ್ದ ಶೆಡ್ಡುಗಳಲ್ಲಿ ಅರ್ಧಕ್ಕೆ ಹೆಂಡಂದಿರೇ ಒಡೆಯರು. ಲೇತ್ ಮೆಷಿನ್ನಿನ ಹತ್ತಿರ ಒಮ್ಮೆಯೂ ಸುಳಿಯದವಳ ಹೆಸರಿನಲ್ಲಿ ಮೂರು ಲೇತ್ ಇದ್ದವು. ನನ್ನ ಪಾಲಿಗೆ ನಿಕಲ್ ಪ್ಲೇಟಿಂಗ್ ಬಂತು. ಮನೆಯ ಹಿತ್ತಲಲ್ಲೇ ಶೀಟು ಹೊದಿಸಿದ ಶೆಡ್ಡು. ಅದರಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ, ಇಬ್ಬರು ಕೆಲಸದವರು. ಬಾಗಿಲ ಚಿಲಕ, ಸೈಕಲ್ ಬೆಲ್ಲಿನ ಮುಚ್ಚಳ, ಕಪಾಟಿನ ಹಿಡಿ ಎಲ್ಲ ಕಪ್ಪಗೆ ಬಂದು ಬೆಳ್ಳಗೆ ಹೊಳೆಯುತ್ತ ಹೋಗುತ್ತಿದ್ದವು. ಅವುಗಳನ್ನು ತೊಳೆದ ನೀರು ಮಾತ್ರ ನಮ್ಮಲ್ಲೇ ಉಳಿಯುತ್ತಿತ್ತು. ತೆಳು ಹಸಿರು ನೀರು. ನೋಡಲು ಚೆಂದ, ಮೂಗಿಗೆ ಘಾಟು.

ಆ ನೀರಿಗೋಸ್ಕರ ಮಾಲಿನ್ಯದ ಆಫೀಸಿನವರು ಒಂದು ಸಮ್ಮತಿ ಪತ್ರ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಅದರ ಷರತ್ತುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಮನೆಯಲ್ಲಿ ಅವನ್ನು ಪೂರ್ತಿ ಓದಿದವಳು ನಾನೊಬ್ಬಳೇ. ತೊಳೆದ ನೀರನ್ನು ತೊಟ್ಟಿಯಲ್ಲಿ ಹಿಡಿಯಬೇಕು, ಸುಣ್ಣ ಬೆರೆಸಬೇಕು, ಕಾಗದ ಅದ್ದಿ ಆಸಿಡ್ಡಿನ ಅಂಶ ಹೋಗಿದೆಯೇ ನೋಡಬೇಕು, ತಿಳಿಯಾದ ಮೇಲೆ ಇಂಗುಗುಂಡಿಗೆ ಬಿಡಬೇಕು. ಮಳೆನೀರಿನ ಮೋರಿಗೆ ಒಂದು ಹನಿಯೂ ಸೇರಬಾರದು. ಇದನ್ನೆಲ್ಲ ದಿನದಿನವೂ ಒಂದು ರಿಜಿಸ್ಟರಿನಲ್ಲಿ ಬರೆದು ಒಡೆಯರು ಸಹಿ ಹಾಕಬೇಕು.

"ನಿನ್ನ ಅಕ್ಷರ ಪ್ರಿಂಟ್ ಇದ್ದ ಹಾಗಿದೆ, ನೀನೇ ಬರಿ" ಅಂದರು ಯಜಮಾನರು.

ಬರೆದೆ. ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ಹನ್ನೊಂದು ವರ್ಷ ತಿದ್ದಿದ ಕೈ ನನ್ನದು. ಅಲ್ಲಿ ತಪ್ಪು ಬರೆದವರನ್ನು ಸಿಸ್ಟರ್ ಕ್ಷಮಿಸುತ್ತಿದ್ದರು, ಗೆರೆ ಖಾಲಿ ಬಿಟ್ಟವರನ್ನಲ್ಲ. ನಾನು ಒಂದು ಗೆರೆಯನ್ನೂ ಖಾಲಿ ಬಿಡುವವಳಲ್ಲ.

ಮೊದಲ ವರ್ಷ ಕಂಡದ್ದನ್ನೇ ಬರೆದೆನೆಂದು ನೆನಪು. ಆಮೇಲೆ ಇಂಗುಗುಂಡಿ ಕಟ್ಟಿಕೊಂಡಿತು. ಕೆಲಸ ಜಾಸ್ತಿಯಾಯಿತು. ತೊಟ್ಟಿ ಎರಡು ದಿನಕ್ಕೇ ತುಂಬಿಬಿಡುತ್ತಿತ್ತು. ತೊಟ್ಟಿಯ ತಳದಲ್ಲಿ, ಗೋಡೆಯ ಬದಿಗೆ, ಗೋಣಿ ಸುತ್ತಿದ ಮರದ ಬಿರಡೆಯೊಂದಿತ್ತು; ತೊಟ್ಟಿ ತೊಳೆಯುವುದಕ್ಕೆಂದು ಇಟ್ಟಿದ್ದು. ಅದರ ಆಚೆ ಚಪ್ಪಡಿ ಮುಚ್ಚಿದ ಮಳೆನೀರಿನ ಮೋರಿ. ಮೋರಿ ಸೇರುವುದು ರಾಜಕಾಲುವೆಯನ್ನು, ಅದು ಕೆಂಗೇರಿಯ ಕಡೆ ಹರಿಯುವ ವೃಷಭಾವತಿ ಹೊಳೆಯನ್ನು.

ಬಿಸಿಲಿನಲ್ಲಿ ಬಿರಡೆ ತೆಗೆದರೆ ಮೋರಿಯುದ್ದಕ್ಕೂ ಹಸಿರು ಕಾಣುತ್ತದೆ. ಆದ್ದರಿಂದ ನಮ್ಮ ಓಣಿಯಲ್ಲೊಂದು ಪದ್ಧತಿಯಿತ್ತು: ಮಳೆಗೆ ಕಾಯುವುದು. ಪಡುವಣದಲ್ಲಿ ಮೋಡ ಕಟ್ಟಿದರೆ ಹೆಂಗಸರು ಮಹಡಿಯ ಮೇಲಿನ ಬಟ್ಟೆ ತೆಗೆಯಲು ಓಡುತ್ತಿದ್ದರು, ಶೆಡ್ಡಿನವರು ತಂತಮ್ಮ ತೊಟ್ಟಿಗಳ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಮೊದಲ ದಪ್ಪ ಹನಿ ಶೀಟಿಗೆ ಬಡಿದದ್ದೇ ತಡ, ಸಾಲಾಗಿ ಬಿರಡೆಗಳು ಬಿಚ್ಚಿಕೊಳ್ಳುತ್ತಿದ್ದವು. ಅಡುಗೆಮನೆಯಲ್ಲಿ ನಿಂತರೆ ಕಾಲಡಿಯ ಚಪ್ಪಡಿಯ ಕೆಳಗೆ ಗುಡುಗುಡು ಸದ್ದು ಕೇಳುತ್ತಿತ್ತು. ಅರ್ಧ ಗಂಟೆಯ ಮಳೆ ಎಲ್ಲವನ್ನೂ ತೊಳೆದು ಓಣಿಯನ್ನು ಅಮಾಯಕವಾಗಿ ಮಾಡುತ್ತಿತ್ತು. ನನಗಂತೂ ಮಳೆಯ ಮಣ್ಣಿನ ವಾಸನೆ ಎಂದರೆ ಇವತ್ತಿಗೂ ಆ ಘಾಟೇ.

ರಿಜಿಸ್ಟರಿನಲ್ಲಿ ಮಾತ್ರ ನಮ್ಮ ತೊಟ್ಟಿಗೆ ದಿನವೂ ಸುಣ್ಣ ಬೀಳುತ್ತಿತ್ತು. ಪರೀಕ್ಷೆಯ ಕಾಗದ ಮುಗಿದಿತ್ತು, ಯಾರೂ ಹೊಸತು ತರಲಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ಆರತಿ ನೀರು ಕಲಸುವ ಯಾವ ಹೆಂಗಸಿಗೆ ಗೊತ್ತಿಲ್ಲ? ಹಳೆಯ ಪಂಚೆಯ ತುಂಡನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿ, ಒಂದು ದಿನ ಯಾರೂ ಇಲ್ಲದಾಗ ತೊಟ್ಟಿಯಲ್ಲಿ ಮುಳುಗಿಸಿ ನೋಡಿದೆ. ಹಳದಿ ಹಳದಿಯಾಗಿಯೇ ಇತ್ತು. ಸುಣ್ಣ ಸಾಲದು ಎಂದಲ್ಲ, ಬಿದ್ದೇ ಇರಲಿಲ್ಲ. ಆ ತುಂಡನ್ನು ಒಲೆಗೆ ಹಾಕಿ, ಒಳಗೆ ಬಂದು, ಆ ದಿನದ ಗೆರೆಯಲ್ಲಿ ಎಂದಿನ ಅಂಕಿಯನ್ನೇ ಬರೆದೆ.

ನಮಗೆ ಸೊಪ್ಪು ತರುತ್ತಿದ್ದವಳು ಕೆಂಗೇರಿಯ ಆಚೆಯ ಹಳ್ಳಿಯವಳು. ಬೆಳಗಿನ ಬಸ್ಸಿಗೆ ಬುಟ್ಟಿ ಹೇರಿಕೊಂಡು ಬರುತ್ತಿದ್ದಳು. ಆ ವರ್ಷ ದಂಟಿನ ಸೊಪ್ಪಿನ ಅಂಚು ಬೀಡಿಯ ಬೆಂಕಿ ತಾಕಿದಂತೆ ಕಂದಿರುತ್ತಿತ್ತು.

"ಇದೇನೇ, ಹಿಂಗೆ ಸುಟ್ಟೋಗಿದೆ?" ಎಂದು ಕೇಳಿದೆ.

"ಹೊಳೆ ನೀರು ಕಣವ್ವ. ಮಳೆ ಹುಯ್ದ ಮಾರನೇ ದಿನ ನೋಡ್ಬೇಕು ನೀನು, ಕಾಲಿಟ್ರೆ ಚುರ್ ಅಂತದೆ. ನಿಮ್ಮ ಕಡೆಯಿಂದಾನೇ ಬರೋದು. ಪ್ಯಾಟೆ ಜನ ಅದೇನು ಕಲಸ್ತೀರೋ!" ಎಂದು ನಗುತ್ತ, ಸೀರೆಯ ಅಂಚು ಸರಿಸಿ ಕಾಲ ಬೆರಳ ಸಂದಿ ತೋರಿಸಿದಳು. ಚರ್ಮ ಬಿಳಿಚಿಕೊಂಡು ಸುಲಿದಿತ್ತು.

ಕೊಬ್ಬರಿ ಎಣ್ಣೆ ತಂದುಕೊಟ್ಟೆ. ಹೇಳಲು ಬೇರೇನೂ ಇರಲಿಲ್ಲ ಎಂದಲ್ಲ.

ಆ ರಾತ್ರಿ ಊಟಕ್ಕೆ ಬಡಿಸುತ್ತ ಯಜಮಾನರಿಗೆ ಅಂದೆ: "ನನ್ನ ಹೆಸರು ತೆಗೆದುಬಿಡಿ. ಬೇರೆ ಯಾರ ಹೆಸರಿಗಾದರೂ ಮಾಡ್ಕೊಳ್ಳಿ."

"ಯಾರ ಹೆಸರಿಗೆ ಮಾಡ್ಲೇ? ನನ್ನ ಹೆಸರಿಗಾ? ನಾಳೇನೇ ಮನೆಗೆ ಕಳಿಸ್ತಾರೆ. ಸುಮ್ನಿರು. ನಮ್ಮದೊಂದು ತೊಟ್ಟಿ ನಿಲ್ಲಿಸಿದ್ರೆ ಹೊಳೆ ಹಾಲಾಗುತ್ತಾ?"

ಅವರು ಕೆಟ್ಟವರಲ್ಲ. ಮಜ್ಜಿಗೆಗೆ ಉಪ್ಪು ಹೆಚ್ಚಾದರೂ ತುಟಿ ಬಿಚ್ಚದವರು. ಅದಕ್ಕೇ ನನಗೆ ಜಗಳವಾಡಲೂ ಒಂದು ಬಾಗಿಲಿರಲಿಲ್ಲ. ಆಫೀಸಿನವರೇ ಸಮ್ಮತಿ ಪತ್ರವನ್ನು ತಡೆಹಿಡಿದರೆ ಒಳ್ಳೆಯದಲ್ಲವೇ ಎಂದು ಮೊದಲು ಅನ್ನಿಸಿದ್ದು ಆ ದಿನ. ಆಗ ಶೆಡ್ಡು ತಾನಾಗಿ ಮುಚ್ಚುತ್ತದೆ, ಇವರ ನೌಕರಿಗೂ ಕುತ್ತಿಲ್ಲ, ನಾನೂ ಬರೆಯಬೇಕಾಗಿಲ್ಲ. ಯಾರೋ ಹೊರಗಿನವರು ಬಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಳ್ಳಬೇಕಿತ್ತು. ಅಷ್ಟೇ ಆಸೆ.

ಆ ದಸರೆಯಲ್ಲಿ ಗೊಂಬೆ ಕೂರಿಸುವ ಗಡಿಬಿಡಿ. ಹದಿನೈದು ದಿನದ್ದನ್ನು ಒಂದೇ ಮಧ್ಯಾಹ್ನ ಮುಂಗಡವಾಗಿ ಬರೆದು ರಿಜಿಸ್ಟರನ್ನು ಗೂಟಕ್ಕೆ ತೂಗುಹಾಕಿದೆ. ಹಬ್ಬ ಕಳೆದು ಎರಡು ದಿನಕ್ಕೆ, ಬೆಳಗ್ಗೆ ಹತ್ತರ ಹೊತ್ತಿಗೆ, ಅಧಿಕಾರಿ ಬಂದರು. ನನ್ನ ತಮ್ಮನ ವಯಸ್ಸಿನವರು. ಚೀಲದಲ್ಲಿ ಖಾಲಿ ಬಾಟಲಿಗಳು ಕಿಣಿಕಿಣಿ ಎನ್ನುತ್ತಿದ್ದವು. ಆ ವಾರ ಯಜಮಾನರಿಗೆ ಎರಡನೇ ಪಾಳಿ. ಬನಿಯನ್ ಹಾಕಿಕೊಂಡು ಶೆಡ್ಡಿನೊಳಗೆ ಮೇಸ್ತ್ರಿಗೆ ಏನೋ ಹೇಳುತ್ತಿದ್ದರು.

"ತಾವು ಯಾರು ಸಾರ್?"

"ನಾನು... ಇವರ ಮನೆಯವರು" ಎಂದು ನನ್ನ ಕಡೆ ಕೈ ತೋರಿಸಿದರು. ಮೇಸ್ತ್ರಿ ಮುಖ ತಿರುಗಿಸಿ ಕೆಮ್ಮಿದ.

"ಹಾಗಾದ್ರೆ ತಾವು ಕೂತ್ಕೊಳ್ಳಿ. ನಾನು ಓನರ್ ಹತ್ರ ಮಾತಾಡ್ಬೇಕು."

ಯಜಮಾನರು ಕೂರಲಿಲ್ಲ. ಹೋಗಿ ಕಾಫಿ ಮಾಡಿ ತಂದರು. ನಮ್ಮ ಮನೆಯಲ್ಲಿ ಅವರು ಕಾಫಿ ಮಾಡಿದ್ದು ಅದೊಂದೇ ಸಲ. ಸಕ್ಕರೆ ಮರೆತಿದ್ದರು, ಅಧಿಕಾರಿ ಹಾಗೆಯೇ ಕುಡಿದರು.

ರಿಜಿಸ್ಟರಿನ ಪುಟಗಳನ್ನು ಅವರು ನಿಧಾನವಾಗಿ ತಿರುಗಿಸಿದರು. "ಎಷ್ಟು ನೀಟಾಗಿ ಬರೆದಿದೀರಿ ಮೇಡಂ. ನಮ್ಮ ಆಫೀಸಲ್ಲೂ ಹೀಗೆ ಇಡಲ್ಲ." ಮತ್ತೊಂದು ಪುಟ. ಬೆರಳು ಒಂದು ಗೆರೆಯ ಮೇಲೆ ನಿಂತಿತು. ತಲೆಯೆತ್ತಿ ತೊಟ್ಟಿಯ ಕಡೆ ನೋಡಿದರು. ತೊಟ್ಟಿಯ ಅಂಚಿಗೆ ಹಚ್ಚಿದ್ದ ಮೂರು ಬೆರಳ ವಿಭೂತಿ, ಕುಂಕುಮ ಇನ್ನೂ ಮಾಸಿರಲಿಲ್ಲ. ಬಾಗಿಲಲ್ಲಿ ಬಾಳೆಕಂದು ಬಾಡಿ ನೇತಾಡುತ್ತಿತ್ತು.

"ಆಯುಧಪೂಜೆ ದಿನ ಕೆಲಸ ಮಾಡಿದ್ರಾ ಇಲ್ಲಿ?"

"ಛೇ ಛೇ, ಎಲ್ಲಾದ್ರೂ ಉಂಟಾ ಸಾರ್?" ಎಂದ ಮೇಸ್ತ್ರಿ, ಅವಮಾನವಾದವನಂತೆ. "ಅವತ್ತು ಒಂದು ಸ್ಪ್ಯಾನರ್ ಕೂಡ ಮುಟ್ಟಲ್ಲ ನಾವು. ಈ ತೊಟ್ಟಿಗೂ ಪೂಜೆ ಮಾಡಿ ಕುಂಬಳಕಾಯಿ ಒಡೆದಿದೀವಿ."

"ಹಾಗಾದ್ರೆ ಅವತ್ತು ಸುಣ್ಣ ಹಾಕಿದ್ದು ಯಾವ ನೀರಿಗೆ?"

ಮುಂದಿನ ಪುಟದಲ್ಲಿ ಇನ್ನೂ ಬಾರದ ದಿನಗಳ ಗೆರೆಗಳೂ ಆಗಲೇ ತುಂಬಿದ್ದವು, ಆ ಪುಟವನ್ನು ಅವರು ತಿರುಗಿಸಲಿಲ್ಲ. ಕೆಳಗೆ ಕೂತು ಬಿರಡೆಯ ಸುತ್ತಲಿನ ಹಸಿರು ಕಲೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಇದನ್ನ ತೆಗೆಯೋರು ಯಾರು ಮೇಡಂ?"

ಯಜಮಾನರ ಹೆಸರು ಹೇಳಿದರೆ ನೌಕರಿ ಹೋಗುತ್ತದೆ, ಮೇಸ್ತ್ರಿಯ ಹೆಸರು ಹೇಳಿದರೆ ಆ ಬಡವನ ತಲೆಗೆ ಕಟ್ಟಿದಂತಾಗುತ್ತದೆ.

"ನಾನು" ಅಂದೆ.

ಅಧಿಕಾರಿ ನನ್ನ ಕೈಗಳನ್ನು ನೋಡಿದರು. ಬೆಳಗ್ಗೆ ಹೂ ಕಟ್ಟಿದ ಬೆರಳಿಗೆ ಬಾಳೆನಾರಿನ ಕರೆ ಹತ್ತಿತ್ತಷ್ಟೇ. ನಂಬಲಿಲ್ಲವೆಂದು ಕಾಣುತ್ತದೆ. "ಕೇಸ್ ಆದ್ರೆ ನಿಮ್ಮ ಮೇಲೇನೇ ಆಗೋದು. ಮನೆಯವರ ಮೇಲಲ್ಲ. ಗೊತ್ತಾಯ್ತಾ?" ಎಂದು ತಗ್ಗಿದ ದನಿಯಲ್ಲಿ ಹೇಳಿ, ಒಂದು ನೋಟೀಸು ಬರೆದರು. ಒಂದು ತಿಂಗಳೊಳಗೆ ಎರಡನೆಯ ತೊಟ್ಟಿ ಕಟ್ಟಬೇಕು. ಒಡೆಯರ ಅಪ್ಪಣೆಯಿಲ್ಲದೆ ಯಾರೂ ಬಿರಡೆ ಮುಟ್ಟಬಾರದು. ಬೇಸಿಗೆಯಲ್ಲಿ ಮತ್ತೆ ಬಂದು ನೋಡಿ, ಸಮ್ಮತಿ ಪತ್ರ ಮುಂದುವರಿಸುವುದೋ ಬೇಡವೋ ಆಗ ತೀರ್ಮಾನ.

ಅವರ ಸ್ಕೂಟರ್ ತಿರುವು ದಾಟಿದ ಮೇಲೆ ಯಜಮಾನರು ನನ್ನ ಕಡೆ ತಿರುಗಿದರು. "ಆಯುಧಪೂಜೆ ದಿನ ರಜಾ ಅಂತ ಗೊತ್ತಾಗಲ್ವೇನೇ ನಿನಗೆ? ಕಾನ್ವೆಂಟಲ್ಲಿ ಓದಿ ಏನು ಬಂತು? ಇನ್ಮೇಲೆ ಕ್ಯಾಲೆಂಡರ್ ಪಕ್ಕದಲ್ಲಿಟ್ಕೊಂಡು ಬರಿ."

ಅಂದರೆ ತಪ್ಪು ನೀರಿನಲ್ಲಿರಲಿಲ್ಲ, ರಜೆ ಮರೆತದ್ದರಲ್ಲಿತ್ತು.

ಎರಡನೆಯ ತೊಟ್ಟಿಗೆ ಜಾಗವಿದ್ದದ್ದು ಒಂದೇ ಕಡೆ, ಅಡುಗೆಮನೆಯ ಹಿಂಬಾಗಿಲಿನ ಮುಂದೆ. ಬಟ್ಟೆ ಒಗೆಯುವ ಕಲ್ಲನ್ನು ಕಿತ್ತರು. ಮಧ್ಯಾಹ್ನ ಅರ್ಧ ಗಂಟೆ ಬಿಸಿಲು ಬೀಳುತ್ತಿದ್ದ, ನಾನು ಕೂದಲು ಒಣಗಿಸಿಕೊಳ್ಳುತ್ತಿದ್ದ ಜಾಗ ಅದು. ಗೋಡೆ ಮೇಲೇಳುತ್ತ ಬಂದು ಬಾಗಿಲಿಗೆ ಅಡ್ಡವಾಯಿತು. ಆಮೇಲೆ ಬಾಗಿಲು ಒಂದು ಗೇಣು ಮಾತ್ರ ತೆರೆಯುತ್ತಿತ್ತು. ಬೆಕ್ಕು ದಾಟುತ್ತಿತ್ತು, ನಾನು ದಾಟುವಂತಿರಲಿಲ್ಲ. ಆ ಸಂದಿಯಲ್ಲಿ ನಿಂತರೆ ಕಾಣುತ್ತಿದ್ದದ್ದು ಹಸಿ ಸಿಮೆಂಟು ಮತ್ತು ಅಂಗೈಯಗಲದ ಆಕಾಶ.

ಕಾರ್ತಿಕದ ಮಳೆ ಆ ವರ್ಷ ಜೋರಾಗಿಯೇ ಹಿಡಿಯಿತು. ಒಂದು ಮಧ್ಯಾಹ್ನ ಎರಡೂ ತೊಟ್ಟಿ ಕಂಠಮಟ್ಟ ತುಂಬಿದ್ದವು. ಯಜಮಾನರು ಪಾಳಿಗೆ ಹೋಗಿದ್ದರು. ಮೇಸ್ತ್ರಿ ತಲೆಗೆ ಗೋಣಿ ಹಾಕಿಕೊಂಡು ಸಂದಿಯಾಚೆ ಬಂದು ನಿಂತ.

"ಅಮ್ಮಾ, ಬಿಡ್ಲಾ?"

"ಸುಣ್ಣ ಹಾಕಿದೀರಾ?"

"ಎಲ್ಲಿ ಹಾಕೋದು ಅಮ್ಮ, ತುಳುಕ್ತಾ ಇದೆ. ಬಿಡದಿದ್ರೆ ನಿಮ್ಮ ಅಡುಗೆಮನೆಗೇ ನುಗ್ಗುತ್ತೆ. ಅಲ್ನೋಡಿ."

ಹೊಸ ತೊಟ್ಟಿಯ ಅಂಚಿನಿಂದ ಹಸಿರು ನೀರು ಇಳಿದು ಹೊಸಿಲಿನ ಹತ್ತಿರ ಬಂದಿತ್ತು. ಒಳಗೆ ಚಾಪೆಯ ಮೇಲೆ ನಮ್ಮ ಒಂದು ವರ್ಷದ ಮಗು ಮಲಗಿತ್ತು. ಓಣಿಯ ಬೇರೆ ಬಿರಡೆಗಳೆಲ್ಲ ಆಗಲೇ ಬಿಚ್ಚಿದ್ದವು. ಚಪ್ಪಡಿಯ ಕೆಳಗೆ ಗುಡುಗುಡು ಶುರುವಾಗಿತ್ತು. ನಾನು ಬೇಡವೆಂದರೂ ಅದು ಮೋರಿಗೇ ಹೋಗುತ್ತದೆ, ನಮ್ಮ ಮನೆಯನ್ನು ಹಾದು.

"ಬಿಡಿ" ಅಂದೆ.

ಮಳೆ ನಿಂತ ಮೇಲೆ ರಿಜಿಸ್ಟರ್ ತೆಗೆದೆ. ಆ ದಿನದ ಗೆರೆಯಲ್ಲಿ ಅಂಕಿ ಬರೆಯಲಿಲ್ಲ. "ಮಳೆ ಬಂತು. ಸುಣ್ಣ ಹಾಕಿರಲಿಲ್ಲ. ಎರಡೂ ತೊಟ್ಟಿಗಳನ್ನು ಮಳೆನೀರಿನ ಮೋರಿಗೆ ಬಿಡಲಾಯಿತು. ಬಿಡಲು ಹೇಳಿದವಳು ನಾನು" ಎಂದು ಇಂಗ್ಲಿಷಿನಲ್ಲಿ ದುಂಡಗೆ ಬರೆದು ಸಹಿ ಹಾಕಿದೆ. ಅವತ್ತಿನಿಂದ ಬಿಟ್ಟ ದಿನಗಳಲ್ಲೆಲ್ಲ ಬಿಟ್ಟೆವೆಂದೇ ಬರೆದೆ. ಯಜಮಾನರು ಅದನ್ನು ತೆರೆದು ನೋಡುವವರಲ್ಲ. ಚಳಿಗಾಲ ಕಳೆಯಿತು. ಅಧಿಕಾರಿ ಬರುವ ದಿನಕ್ಕಾಗಿ ನಾನು ತವರಿನಿಂದ ಕರೆಯಲು ಬರುವವರಿಗೆ ಕಾದಂತೆ ಕಾದೆ.

ಅವರು ಬಂದದ್ದು ಯುಗಾದಿಯ ಆಸುಪಾಸಿನಲ್ಲಿ. ತೊಟ್ಟಿಗಳನ್ನು ನೋಡಿದರು, ಬಿಸಿಲಿಗೆ ಒಣಗಿದ ಮೋರಿ ನೋಡಿದರು. ಯಜಮಾನರು ಈ ಸಲ ಬನಿಯನ್ನಿನ ಮೇಲೆ ಷರ್ಟು ಹಾಕಿಕೊಂಡು ದೂರ ನಿಂತಿದ್ದರು. ರಿಜಿಸ್ಟರನ್ನು ನಾನೇ ತೆರೆದು, ಆ ಪುಟವನ್ನೇ ಮುಂದೆ ಹಿಡಿದೆ.

ಅಧಿಕಾರಿ ಓದಿದರು. ಎರಡು ಸಲ ಓದಿದರೆಂದು ಕಣ್ಣು ಸರಿದ ರೀತಿಯಲ್ಲಿ ತಿಳಿಯಿತು. ಕಿವಿ ಕೆಂಪಾಯಿತು. ಯಜಮಾನರ ಕಡೆಗೊಮ್ಮೆ ನೋಡಿ, ನನಗೆ ಮಾತ್ರ ಕೇಳುವಂತೆ ಹೇಳಿದರು: "ಮೇಡಂ, ಇದನ್ನ ನಾನು ಓದಿದೆ ಅಂದ್ರೆ ನಿಮ್ಮನ್ನ ಕೋರ್ಟಿಗೆ ಕರೀಬೇಕಾಗುತ್ತೆ. ಮಗು ಬೇರೆ ಇದೆ ಮನೇಲಿ."

"ಓದಿ ಸಾರ್" ಅಂದೆ. "ಪರವಾಗಿಲ್ಲ."

"ನನಗೂ ಅಕ್ಕ ಇದಾಳೆ ಮೇಡಂ."

ಅವರ ದನಿಯಲ್ಲಿ ನಿಜವಾದ ಕರುಣೆಯಿತ್ತು. ಆ ಪುಟವನ್ನು ಹಿಂದಿನ ಪುಟದ ಜೊತೆ ಸೇರಿಸಿ, ಎರಡನ್ನೂ ಒಂದೇ ಹಾಳೆಯೆಂಬಂತೆ ತಿರುಗಿಸಿ, ಮಳೆಯಿಲ್ಲದ ಒಂದು ಪುಟದ ಕೆಳಗೆ ಸಹಿ ಮಾಡಿ ಮೊಹರು ಒತ್ತಿದರು. ಮೊಹರಿನ ಶಾಯಿ ಆರಲೆಂದು ಬಾಯಿಂದ ಗಾಳಿ ಊದಿ ಪುಸ್ತಕವನ್ನು ನನ್ನ ಕೈಗಿಟ್ಟರು. ಯಜಮಾನರು ಅವರನ್ನು ಗೇಟಿನವರೆಗೆ ಬಿಟ್ಟು, ಕೈಮುಗಿದು, ನಗುತ್ತ ಬಂದರು.

ತಿಂಗಳೊಳಗೆ ಸಮ್ಮತಿ ಪತ್ರ ಅಂಚೆಯಲ್ಲಿ ಬಂತು. ಒಂದು ವರ್ಷಕ್ಕಲ್ಲ, ತೃಪ್ತಿಕರ ನಿರ್ವಹಣೆಗಾಗಿ, ಎರಡು ವರ್ಷಕ್ಕೆ. ನನ್ನ ಹೆಸರಿಗೆ.