ಡಬ್ಬಿ ಖಾಲಿ ಕಳಿಸಬಾರದು

ನಮ್ಮ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲಿನ ಡಬ್ಬಿ ಕೂತಿದೆ. ಅದು ನಮ್ಮದಲ್ಲ. ಹಾಗೆಂದು ಅದು ಪಕ್ಕದ ಮನೆಯ ಲಕ್ಷ್ಮೀಬಾಯಿಯವರದೇ ಎಂದು ಎದೆ ತಟ್ಟಿ ಹೇಳುವ ಧೈರ್ಯವೂ ಯಾರಿಗೂ ಉಳಿದಿಲ್ಲ. ಎಂದೋ ಒಂದು ದಿನ ಅವರು ಅದರಲ್ಲಿ ಒಂದಿಷ್ಟು ಶೇಂಗಾ ಕಳಿಸಿದರು. ತುಂಬಿ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದು ಅಮಂಗಳವೂ ಅಸಭ್ಯವೂ ಆದ ಕಾರ್ಯವೆಂದು ನಂಬಿದ ನನ್ನ ಹೆಂಡತಿ ಮಹಾದೇವಿ ಅದಕ್ಕೆ ಬೆಲ್ಲ ಹಾಕಿ ಕಳಿಸಿದಳು. ಬೆಲ್ಲದ ಋಣ ಹೊತ್ತ ಲಕ್ಷ್ಮೀಬಾಯಿ ಎಳ್ಳು ಹಾಕಿ ಕಳಿಸಿದರು. ಎಳ್ಳಿನ ಭಾರ ತಾಳಲಾರದೆ ನಮ್ಮವಳು ಪುಟಾಣಿ, ಅಂದರೆ ಹುರಿಗಡಲೆ, ಹಾಕಿದಳು. ಹೀಗೆ ಹೊರಟ ಡಬ್ಬಿ ವರ್ಷಾನುಗಟ್ಟಲೆ ಎಲ್ಲೂ ನಿಲ್ಲಲಿಲ್ಲ. ಮಹಾರಾಷ್ಟ್ರದ ಗಡಿಯಂಚಿನ ಕಾಸಾರಶಿರಸಿಯ ನಮ್ಮ ಓಣಿಯಲ್ಲಿ ಬಸ್ಸಿಗಿಂತ ನೇಮದಿಂದ ಓಡಾಡುತ್ತಿದ್ದ ವಾಹನವೆಂದರೆ ಅದೊಂದೇ.

ಈ ಸಂಚಾರಕ್ಕೆ ಒಂದು ಅಲಿಖಿತ ಶಿಷ್ಟಾಚಾರವಿತ್ತು. ಡಬ್ಬಿಯೊಳಗೆ ಇಳಿಯುತ್ತಿದ್ದುದು ಒಣ ಪದಾರ್ಥ ಮಾತ್ರ. ಏನೂ ಇಲ್ಲದ ದಿನ ಒಂದು ಮುಷ್ಟಿ ಸಕ್ಕರೆ. ಒಲೆಯ ಮೇಲೆ ಬೆಂದದ್ದು ಆ ಕಡೆಯಿಂದಾಗಲಿ ಈ ಕಡೆಯಿಂದಾಗಲಿ ಎಂದೂ ಗೋಡೆ ದಾಟಿರಲಿಲ್ಲ. ನಮ್ಮದು ತಲೆತಲಾಂತರದಿಂದ ಹೊಲ ಉಳುವ ಶಿವಭಕ್ತರ ಮನೆ. ಅವರದು ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆ. ಬೇಡವೆಂದು ಯಾರೂ ಯಾರಿಗೂ ಹೇಳಿರಲಿಲ್ಲ, ಆದ್ದರಿಂದಲೇ ಯಾರೂ ಅದನ್ನು ಮುರಿದೂ ಇರಲಿಲ್ಲ. ನಾನಂತೂ ಇದನ್ನು ನೆರೆಹೊರೆಯ ಸೌಹಾರ್ದದ ಆದರ್ಶವೆಂದು ನಾಲ್ಕು ಜನರೆದುರು ಬಣ್ಣಿಸುತ್ತ ಬಂದವನು.

ಈ ಡಬ್ಬಿಪುರಾಣ ಯಾಕೆಂದು ನೀವು ಕೇಳುವ ಮುನ್ನ ನನ್ನ ವೃತ್ತಿಯನ್ನೂ ಹೇಳಿಬಿಡುತ್ತೇನೆ. ಹೊಲದ ಕಳೆ ಕೀಳಬೇಕಾದ ಕುಲದಲ್ಲಿ ಹುಟ್ಟಿ ಪ್ರೋಗ್ರಾಮಿನ ಕಳೆ ಕೀಳುವ ಅವಸ್ಥೆಗೆ ಬಂದವನು ನಾನು. ನಿಲಂಗಾದ ಒಂದು ಪುಟ್ಟ ಸಂಸ್ಥೆಗಾಗಿ ಮನೆಯಲ್ಲೇ ಕೂತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಬರೆಯುತ್ತೇನೆ. ಉದಗೀರದಲ್ಲಿ ಕೂತು ಶಿಲ್ಪಾ ಎಂಬ ಚುರುಕಿನ ಹೆಣ್ಣುಮಗಳು ನನ್ನ ಜೊತೆ ಬರೆಯುತ್ತಾಳೆ. ಈ ಬೇಸಿಗೆಯಲ್ಲಿ ನಮಗೆ ಬಂದ ಕೆಲಸ ಕುರಿಗಳದು. ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆ ಬೀಳುವ ಮುಂಚೆ ಸುತ್ತಲಿನ ಹಿಂಡುಗಳಿಗೆಲ್ಲ ಲಸಿಕೆ ಆಗಬೇಕು. ಊರೂರು ಅಲೆಯುವ ಹಿಂಡು ಎಲ್ಲಿ ಮೇಯುತ್ತಿದೆಯೋ ಅಲ್ಲಿಗೆ ಹತ್ತಿರದ ಶಿಬಿರದಲ್ಲಿ ಸರದಿ ಗೊತ್ತುಮಾಡಿ ಕುರಿಗಾರನ ಮೊಬೈಲಿಗೆ ಸಂದೇಶ ಕಳಿಸಬೇಕು. ಲಕ್ಷ್ಮೀಬಾಯಿಯ ಗಂಡ ಮಾಳಪ್ಪ ಆಗ ಹಿಂಡಿನೊಂದಿಗೆ ವಲಾಂಡಿಯ ಬಯಲಲ್ಲಿದ್ದರು. ಹಿಂದಿನ ಮಳೆಗಾಲದಲ್ಲಿ ಲಸಿಕೆ ತಪ್ಪಿ, ಕರುಳುಬೇನೆ ಬಂದು, ಅವರ ಅರ್ಧ ಹಿಂಡು ಸತ್ತಿತ್ತು. ಉಳಿದ ಅರ್ಧದ ಮೇಲೆ ಆ ಮನೆ ನಿಂತಿತ್ತು.

ಹಾಗಾದರೆ ನೀನೇ ಮಾಳಪ್ಪನಿಗೆ ಒಂದು ಫೋನು ಹಚ್ಚಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಬಹುದಿತ್ತು, ಆದರೆ ಸಂದೇಶವಿಲ್ಲದವನನ್ನು ಶಿಬಿರದಲ್ಲಿ ಸಾಲಿಗೇ ನಿಲ್ಲಿಸಿಕೊಳ್ಳುವುದಿಲ್ಲ. ಆ ನಿಯಮವನ್ನು ಬಹಳ ಶಿಸ್ತಿನಿಂದ ಪ್ರೋಗ್ರಾಮಿನಲ್ಲಿ ಬರೆದವನೂ ನಾನೇ. ಇನ್ನು ನಮ್ಮ ಸಾಹೇಬರದು ಬೇರೊಂದು ವ್ರತ: ಪ್ರೋಗ್ರಾಮು ಸರಿಯಿದೆಯೇ ಎಂದು ನೋಡಲು ನಾವೇ ಬರೆದಿಟ್ಟ ಪರೀಕ್ಷೆಗಳೆಲ್ಲ ಹಸಿರು ಬಣ್ಣಕ್ಕೆ ತಿರುಗದೆ ಒಂದೇ ಒಂದು ಸಂದೇಶವೂ ಹೊರಬೀಳಕೂಡದು. ಪ್ರಶ್ನೆಯೂ ನಮ್ಮದೇ, ಉತ್ತರವೂ ನಮ್ಮದೇ ಆದ ಪರೀಕ್ಷೆಯಲ್ಲಿ ನಪಾಸಾಗುವ ಭಾಗ್ಯ ನಮ್ಮ ವೃತ್ತಿಗೆ ಮಾತ್ರ ಲಭ್ಯ.

ಕೆಲಸವನ್ನು ಹಂಚಿಕೊಂಡಿದ್ದೆವು. ಸರದಿಯ ಲೆಕ್ಕಾಚಾರ ನನ್ನ ಫೋಲ್ಡರಿನಲ್ಲಿ, ಲಸಿಕೆಯ ದಾಸ್ತಾನು ಶಿಲ್ಪಾಳ ಫೋಲ್ಡರಿನಲ್ಲಿ. ಪೈಥಾನಿನಲ್ಲಿ ಒಂದು ಫೋಲ್ಡರು ಮತ್ತೊಂದರಿಂದ ಬೇಕಾದ್ದನ್ನು ಕೇಳಿ ತರಿಸಿಕೊಳ್ಳಬಹುದು. ಅದಕ್ಕೆ ಇಂಪೋರ್ಟ್ ಎಂದು ಹೆಸರು. ಅದಕ್ಕಾಗಿ ಪ್ರತಿ ಫೋಲ್ಡರಿನ ಬಾಗಿಲಲ್ಲಿ ಒಂದು ಫೈಲು ಕೂತಿರಬೇಕು. ಅದರೊಳಗೆ ಏನೂ ಇರಬೇಕಾಗಿಲ್ಲ. ಇಲ್ಲೊಂದು ಮನೆಯಿದೆ, ಇಲ್ಲಿ ಕೇಳಿದರೆ ಸಿಗುತ್ತದೆ ಎಂದು ಸಾರುತ್ತ ಖಾಲಿ ಕೂತಿರುವುದೇ ಅದರ ಧರ್ಮ. ಈಗಿನ ಪೈಥಾನು ಅದಿಲ್ಲದೆಯೂ ಸುಧಾರಿಸಿಕೊಳ್ಳುತ್ತದೆಂದು ಹೊಸಬರು ಹೇಳುತ್ತಾರೆ, ನಾವು ಸಂಪ್ರದಾಯಸ್ಥರು. ಏನೂ ಮಾಡದೆ ಪೀಠ ಅಲಂಕರಿಸಿದ ಆ ಫೈಲನ್ನು ಕಂಡಾಗಲೆಲ್ಲ ನನಗೆ ಅನೇಕ ಸಭೆಗಳ ಅಧ್ಯಕ್ಷರು ನೆನಪಾಗುತ್ತಾರೆ.

ಅಂದು ಶುಕ್ರವಾರ. ಅಷ್ಟು ದಿನ ಒಬ್ಬರ ಫೋಲ್ಡರಿನ ಪ್ರತಿಯನ್ನು ಇನ್ನೊಬ್ಬರು ಇಟ್ಟುಕೊಂಡು ಕೆಲಸ ಮಾಡಿದ್ದ ನಾವು, ಅವನ್ನು ಪರಸ್ಪರ ಹಿಂದಿರುಗಿಸಿ, ಎಲ್ಲವನ್ನೂ ಒಂದುಗೂಡಿಸಿ ಪರೀಕ್ಷೆಗೆ ಕೂಡಿಸಿದೆವು. ನಪಾಸಾಗಿದ್ದರೆ ಸಹಿಸಬಹುದಿತ್ತು, ಪರೀಕ್ಷೆ ಶುರುವೇ ಆಗಲಿಲ್ಲ. ಪರದೆಯ ತುಂಬ ಕೆಂಪು ಅಕ್ಷರಗಳು: ಇಂಪೋರ್ಟ್ ಸಾಧ್ಯವಿಲ್ಲ. ಸಂಜೆಯೊಳಗೆ ಸಂದೇಶ ಹೋಗದಿದ್ದರೆ ಲಸಿಕೆಯನ್ನು ಬೇರೆ ತಾಲೂಕಿಗೆ ಕೊಟ್ಟುಬಿಡುತ್ತಾರೆಂದು ಸಾಹೇಬರು ಫೋನಿನಲ್ಲಿ ತಣ್ಣಗೆ ಹೇಳಿದರು.

ಇಂಥ ಹೊತ್ತಿನಲ್ಲಿ ನನ್ನಂಥ ಪಂಡಿತರು ಅನುಸರಿಸುವ ಕರ್ಮಕಾಂಡವೊಂದಿದೆ. ಮೊದಲು ಅದೇ ಆಜ್ಞೆಯನ್ನು ಮತ್ತೊಮ್ಮೆ ಕೊಡುವುದು, ಯಂತ್ರಕ್ಕೆ ನಾಚಿಕೆಯಾದೀತೆಂಬ ಆಸೆಯಿಂದ. ಆಮೇಲೆ ಯಂತ್ರವನ್ನು ಆರಿಸಿ ಹೊತ್ತಿಸುವುದು. ಅದಕ್ಕೂ ಬಗ್ಗದಿದ್ದರೆ ಪೈಥಾನನ್ನೇ ಕಿತ್ತು ಹೊಸದಾಗಿ ಪ್ರತಿಷ್ಠಾಪಿಸುವುದು. ಕೆಂಪು ಅಕ್ಷರಗಳನ್ನು ಮಾತ್ರ ಕೊನೆತನಕ ಓದಕೂಡದು. ಮೊದಲ ಸಾಲು ಓದಿ ಉಳಿದದ್ದನ್ನು ಊಹಿಸುವುದೇ ಅನುಭವಿಯ ಲಕ್ಷಣ. ನಾನು ಊಹಿಸಿದೆ: ಇದು ಹುಡುಕುವ ದಾರಿಯ ದೋಷ. ನೀವು ಯಾವ ಫೋಲ್ಡರಿನಲ್ಲಿ ನಿಂತು ಕೂಗುತ್ತೀರಿ ಎಂಬುದರ ಮೇಲೆ ಪೈಥಾನಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ನಿರ್ಧಾರವಾಗುತ್ತದೆ. ಗಡಿಯವರಿಗೆ ಈ ತತ್ತ್ವವನ್ನು ಬೇರೆ ಕಲಿಸಬೇಕಾಗಿಲ್ಲ. ಉಮರ್ಗಾದ ಚಹದಂಗಡಿಯಲ್ಲಿ ಕನ್ನಡ ಮಾತಾಡಿದರೆ ನೀವು ಕರ್ನಾಟಕದವರೇನು ಎಂದು ಮರಾಠಿಯಲ್ಲಿ ಕೇಳುತ್ತಾರೆ. ತುರೋರಿ ದಾಟಿ ಕರ್ನಾಟಕದ ಕಡೆಗೆ ಹೋಗಿ ಅದೇ ಕನ್ನಡ ಮಾತಾಡಿದರೆ ನೀವು ಮಹಾರಾಷ್ಟ್ರದವರೇನು ಎಂದು ಕನ್ನಡದಲ್ಲಿ ಕೇಳುತ್ತಾರೆ. ಮನುಷ್ಯ ಎರಡೂ ಕಡೆ ಎದುರಿಗೇ ನಿಂತಿರುತ್ತಾನೆ, ಸಿಗುವುದು ಮಾತ್ರ ಎಲ್ಲೂ ಇಲ್ಲ. ಈ ವೇದನೆಯನ್ನು ನೆನೆದು ನಾನು ದಾರಿಗಳನ್ನೆಲ್ಲ ತಿದ್ದಿದೆ. ಕೆಂಪು ಇನ್ನಷ್ಟು ಕೆಂಪಾಯಿತು.

ಶಿಲ್ಪಾಳಿಗೆ ಫೋನು ಮಾಡಿದೆ.

“ನನ್ನ ಮಷಿನ್‌ದಾಗ ಮುಂಜಾನಿತನಕ ಬರೋಬ್ಬರ್ ನಡೀಲತ್ತಿತ್ತು ಸರ್. ನಿಮ್ಮ ಕಡೀಂದೇ ಏನರ ಆಗ್ಯಾದ ನೋಡ್ರಿ,” ಅಂದಳು.

“ನಂದರಾಗೂ ನಡೀಲತ್ತಿತ್ತವ್ವಾ,” ಅಂದೆ. ಪರಸ್ಪರರ ಮೇಲೆ ಅಪವಾದ ಹೊರಿಸುವುದನ್ನು ಅಷ್ಟು ಮರ್ಯಾದೆಯಿಂದ ಮಾಡಿದವರು ವಿರಳ. ಫೋನಿಟ್ಟಾಗ ಇಬ್ಬರಿಗೂ ಸಿಟ್ಟು ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಲಕ್ಷ್ಮೀಬಾಯಿ ಬಂದರು. ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಸಕ್ಕರೆ. ಅಂಥ ದಿನವೂ ಬರಿಗೈಯಲ್ಲಿ ಬರಲು ಅವರಿಗೆ ಮನಸ್ಸಾಗಿರಲಿಲ್ಲ.

“ಮೆಸೇಜ್ ಬಂದಿಲ್ಲ ಅಂತ ನಮ್ಮವರು ಕೇಳ್ಲತ್ತಾರ್ರೀ,” ಅಂದರು. “ಫೋನ್ ಕೈಯಾಗ ಹಿಡ್ಕೊಂಡೇ ಕುಂತಾರಂತ, ಕುರಿ ಕಡೀನೂ ನೋಡವಲ್ರು. ಹೋದ ವರ್ಷಿನಂಗ ಆಗಬಾರ್ದು ನೋಡ್ರಿ. ಈ ಸಲ ಆದ್ರ ನಮ್ಮ ಕೈಲೆ ಆಗಾಂಗಿಲ್ಲ.”

ಆಗ್ತದ, ಈಗ ಆಗ್ತದ ಎಂದು ನಾನು ತೊದಲಿದೆ. ಅವರ ಮುಖ ನೋಡುವುದಾಗಲಿಲ್ಲ. ಅಷ್ಟರಲ್ಲಿ ಮಹಾದೇವಿ ಸಕ್ಕರೆಯನ್ನು ಸುರಿದುಕೊಂಡು ಡಬ್ಬಿಗೆ ಕಡಲೆ ತುಂಬಿ ತಂದಳು. ಲಕ್ಷ್ಮೀಬಾಯಿ ಕೈ ಅಡ್ಡ ಹಿಡಿದರು.

“ಈಗ ಬ್ಯಾಡ್ರೀ ವೈನಿ. ನಾಳಿ ನಾ ಮತ್ತೇನ್ ಹಾಕಿ ಕಳಸ್ಲಿ? ಮನ್ಯಾಗ ಏನೂ ಇಲ್ಲ.”

“ಅಯ್ಯ, ಖಾಲಿ ಹ್ಯಾಂಗ ಕಳಸಲಿ? ಚಂದ ಕಾಣ್ತದೇನು?”

ಹೊಸ್ತಿಲ ಮೇಲೆ ಇಬ್ಬರೂ ಡಬ್ಬಿಯ ಮೇಲೆ ಕೈಯಿಟ್ಟು ನಿಂತರು. ಒಬ್ಬರು ಬಿಡಲೊಲ್ಲರು, ಇನ್ನೊಬ್ಬರು ಒಯ್ಯಲೊಲ್ಲರು. ಆ ಸ್ನೇಹಯುದ್ಧವನ್ನು ನೋಡಲಾರದೆ ನಾನು ಪರದೆಯ ಕಡೆ ತಿರುಗಿದೆ. ಬೇರೇನೂ ತೋಚದೆ, ಜೀವಮಾನದಲ್ಲಿ ಮೊದಲ ಸಲವೆಂಬಂತೆ, ಕೆಂಪು ಅಕ್ಷರಗಳ ಕೊನೆಯ ಸಾಲನ್ನು ಓದಿದೆ. ಆ ಫೋಲ್ಡರು ಇನ್ನೂ ಅರ್ಧ ಮಾತ್ರ ತೆರೆದಿದೆ, ಬಹುಶಃ ನೀವು ಒಬ್ಬರನ್ನೊಬ್ಬರು ಸುತ್ತಿ ಸುತ್ತಿ ಕರೆಯುತ್ತಿದ್ದೀರಿ ಎಂದು ಪೈಥಾನು ಬೆಳಗಿನಿಂದಲೂ ವಿನಯದಿಂದ ಹೇಳುತ್ತಲೇ ಇತ್ತು.

ಹೊಸ್ತಿಲ ಕಡೆ ನೋಡಿದೆ, ಪರದೆಯ ಕಡೆ ನೋಡಿದೆ. ತಲೆಯೊಳಗೆ ಬೆಳಕು ಬಿತ್ತು. ಆ ಬೆಳಗ್ಗೆ ಶಿಲ್ಪಾಳ ಫೋಲ್ಡರನ್ನು ಹಿಂದಿರುಗಿಸುವಾಗ ಅದರ ಬಾಗಿಲ ಫೈಲು ಖಾಲಿಯಿದ್ದುದನ್ನು ಕಂಡು ನನಗೆ ಏನೋ ಇರುಸುಮುರುಸಾಗಿತ್ತು. ಇಷ್ಟು ದಿನ ಇಟ್ಟುಕೊಂಡು ಬರಿದೇ ಕಳಿಸುವುದೇ ಎಂದು, ನನ್ನ ಸರದಿಯ ಲೆಕ್ಕ ಅವಳಿಗೆ ಕೇಳದೆಯೇ ಸಿಗಲೆಂದು, ಇಂಪೋರ್ಟಿನ ಒಂದು ಸಾಲನ್ನು ಅದರಲ್ಲಿ ಹಾಕಿದ್ದೆ. ನನ್ನ ಫೋಲ್ಡರಿನ ಬಾಗಿಲ ಫೈಲನ್ನು ತೆರೆದು ನೋಡಿದರೆ, ಉದಗೀರದಿಂದ ಅದೂ ಬರಿದಾಗಿ ಬಂದಿರಲಿಲ್ಲ. ಅವಳ ದಾಸ್ತಾನನ್ನು ತರಿಸುವ ಒಂದು ಸಾಲು ಅದರಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಈಗ ನನ್ನ ಬಾಗಿಲು ತೆರೆಯಬೇಕಾದರೆ ಮೊದಲು ಅವಳದು ತೆರೆಯಬೇಕು, ಅವಳದು ತೆರೆಯಬೇಕಾದರೆ ಮೊದಲು ನನ್ನದು. ಇಬ್ಬರ ಸೌಜನ್ಯದ ನಡುವೆ ಸುತ್ತಲಿನ ಊರುಗಳ ಕುರಿಗಳೆಲ್ಲ ಹೊರಗೆ ನಿಂತಿದ್ದವು.

ಶಿಲ್ಪಾಳಿಗೆ ಫೋನು ಹಚ್ಚಿ ಇದನ್ನು ಹೇಳಿದೆ. ಅವಳಿಗೆ ನಗು ತಡೆಯಲಿಲ್ಲ. “ಖಾಲಿ ಕಳಸ್ಲಿಕ್ಕಿ ಮನಸ್ಸೇ ಬರಲಿಲ್ಲ ಸರ್. ನಮ್ಮ ಆಯಿ ಹಂಗೇ ಕಲಿಸ್ಯಾಳ,” ಅಂದಳು. ಇಬ್ಬರೂ ನಮ್ಮ ನಮ್ಮ ಉಪಚಾರದ ಸಾಲನ್ನು ಅಳಿಸಿದೆವು. ಬರೆಯುವುದಕ್ಕಿಂತ ಅಳಿಸುವುದಕ್ಕೆ ನನ್ನ ಬೆರಳು ಹೆಚ್ಚು ತಡವರಿಸಿತು ಎಂದರೆ ನೀವು ನಂಬಬೇಕು. ಪರೀಕ್ಷೆಗಳು ಶುರುವಾದವು, ಒಂದೊಂದಾಗಿ ಹಸಿರಾದವು, ಸಾಹೇಬರು ಫೋನಿನಲ್ಲಿ ಹೂಂ ಅಂದರು, ಸಂದೇಶಗಳು ಹೊರಟವು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಲಕ್ಷ್ಮೀಬಾಯಿಯ ದನಿ ಕೇಳಿತು: “ಬಂತಂತ್ರೀ! ವಲಾಂಡ್ಯಾಗೇ ಸರದಿ ಅದಂತ!” ಕುರ್ಚಿಯ ಮೇಲೆ ಕೂತಲ್ಲೇ ನನ್ನ ಕಣ್ಣು ಒದ್ದೆಯಾಯಿತು.

ಇಲ್ಲಿಗೆ ಮುಗಿಸಿದ್ದರೆ ನಾನು ಬುದ್ಧಿವಂತನಾಗಿ ಉಳಿಯುತ್ತಿದ್ದೆ. ಆದರೆ ಹೊಸದಾಗಿ ದೀಕ್ಷೆ ಪಡೆದವನ ಉತ್ಸಾಹ ಕೆಟ್ಟದ್ದು. ಹೊಸ್ತಿಲ ಯುದ್ಧ ಇತ್ಯರ್ಥವಾಗದೆ ಡಬ್ಬಿ ನಮ್ಮಲ್ಲೇ ಉಳಿದಿತ್ತು. ಹಿಂಡಿಗೆ ಲಸಿಕೆಯಾಯಿತೆಂದು ತಿಳಿದ ದಿನ ನಾನು ಕಡಲೆಯನ್ನು ಹೊರಗೆ ಸುರಿದು, ಡಬ್ಬಿ ತೊಳೆದು, ಮಹಾದೇವಿ ಹಣೆ ಚಚ್ಚಿಕೊಳ್ಳುತ್ತಿರುವಂತೆಯೇ, ಖಾಲಿ ಡಬ್ಬಿ ಹಿಡಿದು ಪಕ್ಕದ ಮನೆಗೆ ಹೋದೆ. ಸುತ್ತಿ ಸುತ್ತಿ ಕರೆಯುವುದರ ಅನರ್ಥಗಳ ಕುರಿತು ಒಂದು ಚಿಕ್ಕ ಭಾಷಣವನ್ನೂ ಸಿದ್ಧಪಡಿಸಿಕೊಂಡಿದ್ದೆ.

ಲಕ್ಷ್ಮೀಬಾಯಿ ಮುಚ್ಚಳ ತೆರೆದು ನೋಡಿದರು. “ಖಾಲೀನೇ ತಂದ್ರಿ?” ಅಂದರು. ಭಾಷಣ ಮರೆತೇಹೋಯಿತು. ಏನು ಅನರ್ಥ ಮಾಡಿದೆನೋ ಎಂದು ನನಗೆ ನಿಜವಾಗಿ ಭಯವಾಯಿತು. ಆಮೇಲೆ ಅವರು ಉಸಿರು ಬಿಟ್ಟರು. “ಛಲೋ ಆತು ತಗೋರಿ. ಏನ್ ತುಂಬ್ಲಿ, ಏನ್ ತುಂಬ್ಲಿ ಅಂತ ನಂಗೂ ಸಾಕಾಗಿತ್ತು.”

ಮಿರಗದ ಮೊದಲ ಮಳೆ ಬಿದ್ದ ಸಂಜೆ ಅವರು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಅದೇ ಡಬ್ಬಿ, ಒಳಗೆ ಏನೂ ಇಲ್ಲ. ಇಷ್ಟು ವರ್ಷಗಳಲ್ಲಿ ಆ ಹೆಣ್ಣುಮಗಳು ನಮ್ಮ ಮನೆಯಲ್ಲಿ ತನಗಾಗಿ ಏನನ್ನೂ ಕೇಳಿದ್ದಿಲ್ಲವೆಂಬುದು ನನಗೆ ಆಗಲೇ ಹೊಳೆದದ್ದು.

“ನಮ್ಮವರು ತೊಯ್ಸಿಕೊಂಡು ಬಂದಾರ್ರೀ ವೈನಿ. ರೊಟ್ಟಿ ಬಡದೀನಿ, ಮ್ಯಾಲೇನಿಲ್ಲ. ಒಂದೀಟು ಬ್ಯಾಳಿ ಹಾಕ್ತೀರೇನು?”

ಮಹಾದೇವಿ ನನ್ನ ಮುಖ ನೋಡಲಿಲ್ಲ. ಒಲೆಯ ಮೇಲೆ ಕುದಿಯುತ್ತಿದ್ದ ಬೇಳೆಯನ್ನು ಹಾಗೆಯೇ ಸೌಟಿನಿಂದ ಬಗ್ಗಿಸಿದಳು. ಡಬ್ಬಿ ಸುಡುತ್ತಿತ್ತು, ಲಕ್ಷ್ಮೀಬಾಯಿ ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ಮಳೆಯಲ್ಲೇ ಓಡಿದರು.

ಡಬ್ಬಿ ನಿನ್ನೆ ತಿರುಗಿ ಬಂತು. ತೊಳೆದದ್ದು, ಒರೆಸಿದ್ದು, ಖಾಲಿ. ಈಗ ಕಿಟಕಿಯ ಕಟ್ಟೆಯ ಮೇಲೆ ಕೂತಿದೆ. ಗೋಡೆಯ ಆಚೆಯಿಂದ ಪುಂಡಿಪಲ್ಯ ಕುದಿಯುವ ವಾಸನೆ ಬರುತ್ತಿದೆ. ಮಹಾದೇವಿ ಕೈ ಒರೆಸಿಕೊಂಡು, ಡಬ್ಬಿ ಎತ್ತಿಕೊಂಡು, ಕೇಳಲಿಕ್ಕೆ ಹೊರಟಿದ್ದಾಳೆ.