ಗಿಲಾವ ಇಲ್ಲದ ಮನೆ

ಅಕ್ಕೋರಿಗೆ ಎಡಗಡೆಯ ಹುಬ್ಬು ಅರ್ಧವೇ ಇತ್ತು. ಉಳಿದರ್ಧದ ಜಾಗದಲ್ಲಿ ಬೆಳ್ಳಗಿನ ಕಲೆ. ಸಿಟ್ಟು ಬಂದಾಗ ಆ ಅರ್ಧ ಹುಬ್ಬು ಮೇಲೇರುತ್ತಿತ್ತು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಅವರ ಪಕ್ಕದ ಮನೆಯಲ್ಲಿ ಕಳೆದ ಹದಿನೆಂಟು ವರ್ಷದಲ್ಲಿ ಅದು ಕೆಳಗಿಳಿದದ್ದನ್ನು ನಾನು ಕಂಡದ್ದು ಕಡಿಮೆ. ಅವರು ಸಣ್ಣವರಿದ್ದಾಗ ಅಪ್ಪ ಈ ಮನೆ ಕಟ್ಟಿಸುತ್ತಿದ್ದರಂತೆ, ಮೇಲಿನಿಂದ ಇಟ್ಟಂಗಿ ಬಿದ್ದು ಹುಬ್ಬು ಹರಿಯಿತಂತೆ. ಆ ಇಟ್ಟಂಗಿ ತಲೆಯೊಳಗೇ ಉಳಿದುಬಿಟ್ಟಿದೆ ಎಂದು ನಾನು ಹೆಂಡತಿಯ ಮುಂದೆ ಹೇಳಿ ನಗುತ್ತಿದ್ದೆ.

ನಾನು ಮನೆ ಕಟ್ಟಿಸುವ ಗುತ್ತಿಗೆದಾರ. ಅವರು ನಿವೃತ್ತ ಸಾಲಿ ಟೀಚರು, ಮದುವೆಯಾದವರಲ್ಲ. ಅವರ ಮನೆಗೆ ಕೆಂಪು ಇಟ್ಟಂಗಿ, ಸುಣ್ಣದ ಗಾರೆ. ಸುತ್ತ ದಾಳಿಂಬೆ, ನುಗ್ಗೆ, ದುಂಡುಮಲ್ಲಿಗೆ, ನನ್ನ ಜೀವ ತಿನ್ನಲೆಂದೇ ಹುಟ್ಟಿದ ಒಂದು ಬೇವಿನ ಮರ. ಗೋಡೆಗಳಿಗೆ ಸಿಮೆಂಟಿನ ಗಿಲಾವ, ಅಂದರೆ ಪ್ಲಾಸ್ಟರು, ಇರಲಿಲ್ಲ. ನಮ್ಮ ಕಡೆ ಗಿಲಾವ ಬಳಿಯದ ಗೋಡೆ ಎಂದರೆ ಮಾಲೀಕನ ರೊಕ್ಕ ನಡುವೆಯೇ ತೀರಿತು ಎಂದರ್ಥ. ಓಣಿಯವರೆಲ್ಲ ಕೇಳುತ್ತಿದ್ದರು, ಗಿಲಾವ ಯಾವಾಗ್ರಿ ಅಕ್ಕೋರ ಅಂತ. ನಾನು ತುಸು ಜಾಸ್ತಿಯೇ ಕೇಳುತ್ತಿದ್ದೆ. ಇಟ್ಟಂಗಿ ಕಾಣಲೆಂದೇ ಅಪ್ಪ ಹಾಗೆ ಬಿಟ್ಟದ್ದು ಎಂಬುದು ಅವರ ಒಂದೇ ಉತ್ತರ.

ನಾನು ಮೂರಂತಸ್ತಿನ ಮನೆ ಕಟ್ಟಿ ಮುಂದೆ ಬಿಳಿ ಟೈಲ್ಸ್ ಹಚ್ಚಿದ ವರ್ಷ ಅವರು ಗೇಟಿನಲ್ಲಿ ನಿಂತು ಹೇಳಿದರು: "ನಿಮ್ಮ ಮನಿ ದವಾಖಾನಿ ಹಂಗ ಕಾಣಸ್ತದರಿ. ಯಾರರ ಚೀಟಿ ಮಾಡಸ್ಲಿಕ್ಕೆ ಬಂದಾರು, ನೋಡ್ಕೊಳ್ರಿ."

ಅಲ್ಲಿಂದ ಶುರುವಾಯಿತು. ಬೇವಿನೆಲೆ ನನ್ನ ಮಾಳಿಗೆಯ ನೀರಿನ ದಾರಿ ಕಟ್ಟಿತು, ನಾನು ಒಂದು ಕೊಂಬೆ ಕಡಿಸಿದೆ. ಅವರು ನಗರಸಭೆಗೆ ಅರ್ಜಿ ಕೊಟ್ಟರು, ಅಕ್ಷರ ಮಾತ್ರ ಮುತ್ತಿನಂಥವು. ನನ್ನ ಮರಳಿನ ಗಾಡಿ ಅವರ ಗೇಟಿಗೆ ಅಡ್ಡ ನಿಂತರೆ ಡ್ರೈವರನಿಗೆ ಕನ್ನಡ ವ್ಯಾಕರಣದ ಸಮೇತ ಬೈಗುಳ. ನನಗಂತೂ ದಿನಕ್ಕೊಂದು. ಅವರ ಬಾಯಿಗೆ ಹೆದರಿ ನಾನು ಹಿಂದಿನ ಬಾಗಿಲಿನಿಂದ ಓಡಾಡಿದ ದಿನಗಳೂ ಇವೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಹೀಗಿರುವಾಗ ಒಂದು ದಿನ ಅವರೇ ನನ್ನ ಮನೆಗೆ ಬಂದರು. ಅವರ ಮನೆಯಲ್ಲಿ ಪಾಲಿದ್ದ ಅವರ ಅಣ್ಣನ ಮಗ ಅದನ್ನು ಕೆಡವಿ ಅಂಗಡಿ ಸಾಲು ಕಟ್ಟಿಸಲು ಹೊರಟಿದ್ದ. ಪರಂಪರೆಯ ಕಟ್ಟಡಗಳ ಪಟ್ಟಿಯಲ್ಲಿ ಮನೆಯ ಹೆಸರು ಬಂದರೆ ಮಾತ್ರ ಕೈಬಿಡುತ್ತೇನೆ ಎಂದಿದ್ದ. ಪಟ್ಟಿ ಮಾಡುವ ಸಮಿತಿಗೆ ಮನೆಯ ನಕ್ಷೆ ಬೇಕಿತ್ತು, ಅದನ್ನು ನಾನು ಬರೆದುಕೊಡಬೇಕಿತ್ತು. ಬಾದಾಮಿಯ ಗುಹೆ ಬಿಟ್ಟು ನಿಮ್ಮ ಇಟ್ಟಂಗಿ ನೋಡಲು ಯಾರು ಬರುತ್ತಾರೆ ಎಂದು ನಾನು ನಕ್ಕೆ.

ಅರ್ಧ ಹುಬ್ಬು ಏರಲಿಲ್ಲ. "ಈ ಇಟ್ಟಂಗಿ ಸುಟ್ಟದ್ದು ಹಳೇ ಬಾಗಲಕೋಟಿ ಹೊಳಿದಂಡಿ ಮಣ್ಣಾಗ. ಆ ದಂಡಿ ಈಗ ನೀರಾಗ ಅದ. ನಿಮ್ಮ ಮನಿನೂ ಮುಳುಗಡಿಗೆ ಹೋತಲ್ಲ? ನಿಮ್ಮೂರ ಮಣ್ಣು ಮ್ಯಾಲೆ ಉಳದಿದ್ದು ಇಷ್ಟರಿ."

 ನಾನು ಹುಟ್ಟಿದ ಮನೆಯ ಪಡಸಾಲೆ, ಅವ್ವನ ಒಲೆ ಎಲ್ಲವೂ ಅಣೆಕಟ್ಟಿನ ಹಿನ್ನೀರಿನ ಕೆಳಗಿವೆ. ಎರಡು ದಿನ ಟೇಪು ಹಿಡಿದು ಅವರ ಮನೆ ಅಳೆದೆ. ಇಟ್ಟಂಗಿಗಳ ನಡುವಿನ ಸಂದುಗಳು ದಾರ ಹಿಡಿದಷ್ಟು ನೇರ. ಗೋಡೆ ಕಟ್ಟುವ ನನ್ನ ಗೌಂಡಿಗಳಲ್ಲಿ ಒಬ್ಬನಿಂದಲೂ ಅಂಥ ಕೆಲಸ ಆಗುವುದಿಲ್ಲ. ಇದನ್ನು ಅವರಿಗೆ ಹೇಳಲಿಲ್ಲ, ಹೇಳಿದ್ದರೆ ತಲೆಯ ಮೇಲೆ ಕೂಡುತ್ತಿದ್ದರು.

ಸಮಿತಿಯವರು ಬರುವ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಅಕ್ಕೋರು ತಂಗಿಯ ಮನೆಗೆ ಹುನಗುಂದಕ್ಕೆ ಹೋದರು, ವಾರದ ಮಟ್ಟಿಗೆ, ಮನೆಯ ಕಡೆ ಲಕ್ಷ್ಯ ಇರಲಿ ಎಂದು ನನಗೇ ಹೇಳಿ.

ಲಕ್ಷ್ಯ ಇಟ್ಟೆ. ದೊಡ್ಡವರು ಬರುವ ಮನೆ ಹೀಗೆ ಬರಿಮೈಯಲ್ಲಿ ಇರಬಾರದು ಎನಿಸಿತು. ಮನೆಗೆ ಬೀಗರು ಬರುತ್ತಾರೆಂದರೆ ಸುಣ್ಣಬಣ್ಣ ಮಾಡಿಸುವುದಿಲ್ಲವೆ? ಎಂಟು ಗೌಂಡಿಗಳನ್ನು ಹಚ್ಚಿ ಮುಂದಿನ ಗೋಡೆಗಳಿಗೆಲ್ಲ ಗಿಲಾವ ಮಾಡಿಸಿದೆ, ಮೇಲೆ ಕೆನೆಬಣ್ಣ. ದಾಳಿಂಬೆ ಮಲ್ಲಿಗೆಗಳನ್ನು ಬುಡಸಮೇತ ಕಿತ್ತು ಅಂಗಳಕ್ಕೆ ಫರಸಿ ಕಲ್ಲು ಹಾಸಿದೆ. ಖರೆ ಹೇಳುತ್ತೇನೆ, ಅದರಲ್ಲಿ ಅರ್ಧ ಉಪಕಾರ, ಅರ್ಧ ಹಗೆ. ಹದಿನೆಂಟು ವರ್ಷದ ವಾದ ಗೆದ್ದೆ ಎಂಬ ಹಿಗ್ಗು.

ಅಕ್ಕೋರು ಆಟೋದಿಂದ ಇಳಿದು ಚೀಲ ಹಿಡಿದು ಗೇಟಿನಲ್ಲಿ ನಿಂತರು. ನಾನು ನಗುತ್ತ ಎದುರು ಹೋದೆ.

"ಇದು ಯಾರ ಮನಿರಿ?" ಎಂದರು.

ಚೇಷ್ಟೆ ಎಂದುಕೊಂಡೆ. ಅಲ್ಲ, ಅವರು ನಿಜವಾಗಿ ಕೇಳುತ್ತಿದ್ದರು. ಗುರುತು ಹತ್ತಿದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಿಲಾವ ಕೀಳಿಸಲು ಮರುದಿನವೇ ಆಳು ಕಳಿಸಿದೆ. ಸಿಮೆಂಟಿನ ಜೊತೆ ಇಟ್ಟಂಗಿಯ ಮೈಯೂ ಕಿತ್ತು ಬಂತು. ನಿಲ್ಲಿಸಿದೆವು.

ಸಮಿತಿಯವರು ಬಂದರು, ಗೋಡೆ ತಟ್ಟಿದರು, ನನ್ನ ನಕ್ಷೆ ನೋಡಿದರು, ಚಹಾ ಕುಡಿದರು. ಮೂಲ ರೂಪ ಉಳಿದಿಲ್ಲ ಎಂದು ಬರೆದುಕೊಂಡು ಹೋದರು. ಪಟ್ಟಿಗೆ ಹೆಸರು ಸೇರಲಿಲ್ಲ, ಅತ್ತೆ ಇರುವತನಕ ತಡೆಯುತ್ತೇನೆ ಎಂದ ಅಣ್ಣನ ಮಗ.

ಆಮೇಲೆ ಅಕ್ಕೋರು ನನಗೆ ಬೈಯಲಿಲ್ಲ. ಬೇವಿನೆಲೆಗೂ ಇಲ್ಲ, ಮರಳಿನ ಗಾಡಿಗೂ ಇಲ್ಲ. ಕಂಡರೆ, ಊಟ ಆತ್ರಿ ಎಂದು ಕೇಳಿ ಹೋಗುತ್ತಿದ್ದರು, ಪರಊರಿನವರನ್ನು ಕೇಳಿದ ಹಾಗೆ. ನನಗೆ ಅದನ್ನು ತಾಳಲಾಗಲಿಲ್ಲ. ಅವರು ಹಾಸಿಗೆ ಹಿಡಿದಾಗ ಹೋಗಿ ಕಾಲ ಹತ್ತಿರ ಕೂತೆ. "ಅಕ್ಕೋರ, ಒಮ್ಮೆ ಬೈದುಬಿಡ್ರಿ. ನಂದು ತಪ್ಪಾಗೈತಿ" ಎಂದೆ.

ಅವರು ಕಾಲು ಹಿಂದಕ್ಕೆಳೆದುಕೊಂಡರು.

"ಬೈಯೋದು ನಮ್ಮವರನ್ನರಿ" ಎಂದರು.

ಮೂರನೆಯ ದಿನ ತೀರಿಕೊಂಡರು. ದಿನಕರ್ಮ ಮುಗಿಸಿದ ಅವರ ಅಣ್ಣನ ಮಗ ನನ್ನ ಬಾಗಿಲಿಗೆ ಬಂದ. ಮನೆ ಕೆಡವುವ ಕೆಲಸ ನೀವೇ ಹಿಡಿಯಿರಿ, ನಿಮಗೆ ಅದರ ಅಳತೆ ಗೊತ್ತಿದೆ ಎಂದ.