ರ‍್ಯಾಮ್ ಪಟ್ಟಿಯ ಮೇಲೆ ಮೂರು ಗೆರೆ

ಹಳಿಯಾಳದ ಬಸ್ ಸ್ಟ್ಯಾಂಡ್ ಎದುರಿನ ನನ್ನ ಡಿಟಿಪಿ ಅಂಗಡಿಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಮದುವೆ ಪತ್ರಿಕೆಯಲ್ಲಿ ಗಣಪತಿಯ ಚಿತ್ರ ಕೂರಿಸಿದರೆ ಸಾಕು, ಹತ್ತು ನಿಮಿಷ ಧ್ಯಾನಕ್ಕೆ ಹೋಗುತ್ತಿತ್ತು. ಕೊನೆಗೆ ದಾಂಡೇಲಿಯ ಅಂಬೇವಾಡಿಯಲ್ಲಿರುವ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ನನ್ನ ಯಂತ್ರಗಳನ್ನು ಹನ್ನೆರಡು ವರ್ಷದಿಂದ ಬದುಕಿಸಿಕೊಂಡು ಬಂದವರು. ನಾನು ಭಾಯ್ ಅನ್ನುತ್ತೇನೆ. ಕಂಪ್ಯೂಟರಿನ ವೇಗ ಹೆಚ್ಚಿಸುವ ಎರಡು ಹೊಸ ರ‍್ಯಾಮ್ ಪಟ್ಟಿಗಳನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿ, "ಹಳೇವು ತಗದು ಇವನ್ನ ಒತ್ತರಿ. ಟಕ್ ಅಂತೈತಿ, ಅಷ್ಟ" ಎಂದರು.

ನಮ್ಮ ಮನೆಯಲ್ಲಿ ಹೊಸದೇನೇ ಬರಲಿ, ವಿಭೂತಿ ಬೀಳದೆ ಕೆಲಸಕ್ಕೆ ಇಳಿಯುವುದಿಲ್ಲ. ಮಿಕ್ಸರ್, ಬೈಕು, ಮೊಬೈಲು, ಯಾವುದೂ ತಪ್ಪಿಸಿಕೊಂಡಿಲ್ಲ. ನಾನು ಇದನ್ನೆಲ್ಲ ಆಡಿಕೊಳ್ಳುವ ಪೈಕಿ. ಆದರೆ ಅವತ್ತು ನನಗೂ ವಿಭೂತಿ ಬೇಕೆನಿಸಿತು. ಕಂಪ್ಯೂಟರಿನ ಡಬ್ಬಿ ಬಿಚ್ಚುವುದು ನನಗೆ ಮೊದಲ ಸಲ, ಕೆಟ್ಟರೆ ಅಂಗಡಿಯೇ ಮುಚ್ಚಿದಂತೆ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೆರಳು ಒದ್ದೆ ಮಾಡಿ, ವಿಭೂತಿ ಗಟ್ಟಿಗೆ ಉಜ್ಜಿ, ಎರಡೂ ಪಟ್ಟಿಗೆ ಮೂರು ಮೂರು ಗೆರೆ ಎಳೆದೆ. ಆಮೇಲೆ ಒತ್ತಿದೆ. ಟಕ್ ಅಂದಿತು.

ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಬೀಪ್, ಬೀಪ್, ಬೀಪ್. ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಹಳೆಯ ಪಟ್ಟಿಗಳನ್ನೇ ಅದೇ ಸ್ಲಾಟಿನಲ್ಲಿ ಮರಳಿ ಕೂರಿಸಿದೆ. ಆಗಲೂ ಅದೇ ಬೀಪ್. ಹಳೆಯದೂ ನಡೆಯುತ್ತಿಲ್ಲ ಅಂದರೆ ಹೊಸದು ಕಂಪ್ಯೂಟರಿನ ಬೋರ್ಡನ್ನೇ ಸುಟ್ಟಿದೆ ಎಂದು ತೀರ್ಮಾನಿಸಿದೆ.

ಅಷ್ಟರಲ್ಲಿ ಪೇಟೆಯ ಕಿರಾಣಿ ಅಂಗಡಿಯ ಅಕ್ಕ, ಮಗಳ ಮದುವೆ ಪತ್ರಿಕೆ ನೋಡಲು ಬಂದು ಸ್ಟೂಲಿನ ಮೇಲೆ ಕುಳಿತರು. ಅವರಿಗೆ ಕೇಳಲಿ ಎಂದೇ ದನಿ ಏರಿಸಿ ಫೋನಿನಲ್ಲಿ ಭಾಯ್ ಮೇಲೆ ಹರಿಹಾಯ್ದೆ.

"ಹಳೆ ಮಾಲು ಹೊಸಾದು ಅಂತ ಕಳಸೀರಿ. ನನ್ನ ಬೋರ್ಡ್ ಸುಟ್ಟು ಹೋತು."

"ಮುಂದಿನ ಬಸ್ಸಿಗೆ ಬರ್ತೇನ್ರಿ" ಎಂದರು ಭಾಯ್.

"ನಮ್ಮ ಅಂಗಡಿ ಬಿಲ್ಲಿಂಗ್ ಮಷೀನೂ ರಿಪೇರಿಗೆ ಅವರ ಕಡೆನ ಐತಿ" ಅಂದರು ಅಕ್ಕ. "ನಾಳೆನ ವಾಪಸ್ ತರಸ್ತೇನಿ."

ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ. ಪೇಟೆಯ ಅರ್ಧ ಕಂಪ್ಯೂಟರ್‌ಗಳು ಬರೀ ನಂಬಿಕೆಯ ಮೇಲೆ ಭಾಯ್ ಕೈಗೆ ಹೋಗುತ್ತವೆ. ಅವರ ಹೆಸರು ಕೆಡುತ್ತದೆಂದು ನನಗೆ ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಸಮಾಧಾನವೇ ಆಯಿತು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಒಂದು ತಾಸು ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡಿದೆ. ಸ್ವಿಚ್ ಒತ್ತುವುದು, ಬೀಪ್ ಕೇಳುವುದು, ಬೈಯುವುದು, ಮತ್ತೆ ಒತ್ತುವುದು. ಅಕ್ಕ ಎದ್ದು ಹೋಗಲಿಲ್ಲ. ಮುಂದಿನದನ್ನು ನೋಡಿಯೇ ಹೋಗುವ ಹಟ ಅವರದು.

ಭಾಯ್ ಬಂದರು. ನಾನು ತರಿಸಿದ ಚಹಾ ಮುಟ್ಟಲಿಲ್ಲ. ಹೊಸ ಪಟ್ಟಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನಾನೂ ಬಗ್ಗಿ ನೋಡಿದೆ. ಬೋರ್ಡಿಗೆ ತಾಗುವ ಹೊಂಬಣ್ಣದ ಹಲ್ಲುಗಳ ಮೇಲೆ ನನ್ನ ಬೆರಳಿನ ಗೆರೆಗಳು ಒಣಗಿ ಬೆಳ್ಳಗೆ ಕೂತಿದ್ದವು. ಅದೇ ಬೂದಿ ಸ್ಲಾಟಿನೊಳಗೂ ಮೆತ್ತಿತ್ತು, ಹಳೆಯ ಪಟ್ಟಿಗಳು ನಡೆಯದಿದ್ದದ್ದು ಅದಕ್ಕೇ. ಭಾಯ್ ಒಮ್ಮೆ ನನ್ನ ಮುಖ ನೋಡಿದರು. ಜೇಬಿನಿಂದ ಮಕ್ಕಳ ರಬ್ಬರ್ ತೆಗೆದು ಹಲ್ಲುಗಳನ್ನು ಉಜ್ಜಿದರು, ಬ್ರಷ್ಷಿನಿಂದ ಸ್ಲಾಟ್ ಗುಡಿಸಿದರು, ಬಿದ್ದ ಬಿಳಿ ಪುಡಿಯನ್ನು ಊದಿ ಹಾರಿಸಿದರು. ಹೊಸ ಪಟ್ಟಿಗಳನ್ನು ಕೂರಿಸಿ ಸ್ವಿಚ್ ಹಾಕಿದರೆ ಒಂದೇ ಬೀಪ್, ಪರದೆ ಬೆಳಗಿತು.

"ಏನಾಗಿತ್ರಿ?" ಅಕ್ಕ ಕೇಳಿದರು.

"ಧೂಳ ಕುಂತಿತ್ರಿ ಅಕ್ಕಾರ" ಅಂದರು ಭಾಯ್.

"ಹೊಸಾದ್ರಾಗ ಧೂಳ ಹೆಂಗ ಕುಂತೀತು? ಹಳೇದ ಇರಬೇಕು ಬಿಡ್ರಿ." ಅಕ್ಕ ಚೀಲ ಎತ್ತಿಕೊಂಡು ಎದ್ದರು.

ಭಾಯ್ ತಲೆ ತಗ್ಗಿಸಿ ಸ್ಕ್ರೂ ತಿರುಗಿಸತೊಡಗಿದರು. ನನ್ನ ಮರ್ಯಾದೆ ಉಳಿಸಲು ತಮ್ಮದನ್ನು ಬಿಟ್ಟುಕೊಡುತ್ತಿದ್ದಾರೆ ಎಂದು ಆಗ ಹೊಳೆಯಿತು. ಅಕ್ಕ ಮೆಟ್ಟಿಲ ತನಕ ಹೋಗಿದ್ದರು. ನಾನು ಕೂಗಿ ಕರೆದೆ.

"ಅಕ್ಕಾರ, ಸ್ವಲ್ಪ ನಿಲ್ರಿ. ಅದು ಧೂಳಲ್ಲ, ವಿಭೂತಿ. ನಾನ ಹಚ್ಚಿದ್ದು. ಮಾಲು ಹೊಸಾದ ಐತಿ. ತಪ್ಪು ನಂದು."

ಅಕ್ಕ ನನ್ನನ್ನೂ ಭಾಯ್ ಅವರನ್ನೂ ನೋಡಿ, ಮರಳಿ ಬಂದು ಸ್ಟೂಲಿನ ಮೇಲೆ ಕೂತರು. ಭಾಯ್ ಕೊನೆಯ ಸ್ಕ್ರೂ ಬಿಗಿದು, ಆರಿ ಹೋಗಿದ್ದ ಚಹಾ ಎತ್ತಿಕೊಂಡರು.

"ಮುಂದಿನ ಸಲ ಹೊರಗ ಡಬ್ಬಿಗೆ ಹಚ್ಚರಿ ಸರ್" ಎಂದರು. "ಒಳಗಿಂದು ನಾ ನೋಡ್ಕೋತೇನಿ."